0.7 ಮಿ.ಲೀ. ಔಷಧವನ್ನು ಸಿರಿಂಜಿನಲ್ಲಿ ಸರಿಯಾಗಿ ಅಳೆಯುವುದು ಹೇಗೆ?

ತುಮಕೂರಿನ ಅಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಮಗುವಿನ ತೂಕ ಈಗ ಏಳು ಕೆ.ಜಿ. ಜ್ವರ ಬಂದಾಗ ಕೊಡಲೆಂದು ಮಕ್ಕಳ ವೈದ್ಯರು ಪ್ಯಾರಾಸಿಟಮಾಲ್ ಡ್ರಾಪ್ಸ್ ಬರೆದುಕೊಟ್ಟಿದ್ದು, ಒಂದು ಸಲಕ್ಕೆ 0.7 ಮಿ.ಲೀ. ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ನಮೂದಿಸಿದ್ದಾರೆ. ಬಾಟಲಿಯ ಜೊತೆ ಬಂದ ಡ್ರಾಪರಿನ ಮೇಲೆ 0.5 ಮತ್ತು 1 ಎಂಬ ಎರಡೇ ಗೆರೆಗಳಿವೆ. ಮೆಡಿಕಲ್ ಅಂಗಡಿಯವರನ್ನು ಕೇಳಿದಾಗ 5 ಮಿ.ಲೀ. ಸಿರಿಂಜ್ ಒಂದನ್ನು ಕೈಗಿತ್ತು, ಸೂಜಿ ತೆಗೆದು ಇದರಲ್ಲಿ ಕೊಡಿ ಎಂದರು. ಅದರಲ್ಲಿ 0.6 ಮತ್ತು 0.8ಕ್ಕೆ ಗೆರೆಗಳಿವೆಯೇ ಹೊರತು 0.7ಕ್ಕೆ ಇಲ್ಲ. ಪರೀಕ್ಷೆಗೆಂದು ಡ್ರಾಪರಿನಲ್ಲಿ ಅಂದಾಜು 0.7ರಷ್ಟು ನೀರು ತೆಗೆದು ಲೋಟಕ್ಕೆ ಬಿಟ್ಟು, ಅದನ್ನೇ ಸಿರಿಂಜಿಗೆ ಎಳೆದುಕೊಂಡರೆ 0.6ರ ಗೆರೆಯನ್ನೂ ಮುಟ್ಟುವುದಿಲ್ಲ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಪ್ಲಂಜರಿನ ತುದಿಯಲ್ಲಿರುವ ಕಪ್ಪು ರಬ್ಬರಿನ ಯಾವ ಭಾಗ ಗೆರೆಗೆ ತಾಗಬೇಕು? ಸಿರಿಂಜಿನ ಮೂತಿಯಲ್ಲಿ ಉಳಿಯುವ ಔಷಧ ಲೆಕ್ಕಕ್ಕೆ ಸೇರುತ್ತದೆಯೇ? ಒಳಲೆಯಲ್ಲಿ ಅಂದಾಜಿನ ಮೇಲೆ ಹಾಕಿದರೆ ಸಾಕು, ನನ್ನ ಮಕ್ಕಳೆಲ್ಲ ಹಾಗೆಯೇ ಬೆಳೆದವರು ಎಂಬುದು ನಮ್ಮ ಅತ್ತೆಯವರ ವಾದ. ತಿಳಿದವರು ದಯವಿಟ್ಟು ವಿವರಿಸಿ.

ಮಲೆನಾಡಿಗ
5 ಮಿ.ಲೀ. ಸಿರಿಂಜನ್ನು ಪಕ್ಕಕ್ಕಿಟ್ಟು, ಬೇರೆ ಅಂಗಡಿಯಿಂದ 1 ಮಿ.ಲೀ. ಸಿರಿಂಜ್ ತಂದುಬಿಡಿ.

ಔಷಧಿ ಅಂಗಡಿಯವ
ಮಲೆನಾಡಿಗರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಳೆಯಬೇಕಾದ ಪ್ರಮಾಣ ಹಿಡಿಸುವ ಸಿರಿಂಜುಗಳಲ್ಲಿ ಅತ್ಯಂತ ಚಿಕ್ಕದನ್ನೇ ಆರಿಸಿಕೊಳ್ಳಬೇಕು. 1 ಮಿ.ಲೀ. ಸಿರಿಂಜಿನ ಕೊಳವೆ ಸಪೂರವಾಗಿರುವುದರಿಂದ ಪ್ಲಂಜರ್ ಅಷ್ಟೇ ದೂರ ಸರಿದರೂ ಒಳಗೆ ಬರುವ ದ್ರವ ಬಹಳ ಕಡಿಮೆ. ಆದ್ದರಿಂದಲೇ ಅದರ ಮೇಲೆ 0.01 ಮಿ.ಲೀ.ಗೆ ಒಂದರಂತೆ ಗೆರೆ ಎಳೆಯಲು ಸಾಧ್ಯವಾಗಿದೆ. ನಿಮ್ಮ 0.7ಕ್ಕೆ ಅದರಲ್ಲಿ ಅಂಕಿಯ ಸಮೇತ ಗೆರೆಯಿರುತ್ತದೆ.

ಗೆರೆಗಳಷ್ಟೇ ಮುಖ್ಯವಾದದ್ದು ತಯಾರಿಕೆಯಲ್ಲಿ ಒಪ್ಪಿತವಾಗಿರುವ ವ್ಯತ್ಯಾಸ. ಒಮ್ಮೆ ಬಳಸಿ ಎಸೆಯುವ ಸಿರಿಂಜುಗಳಿಗೆ ಐ.ಎಸ್.ಒ. 7886-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ 5 ಮಿ.ಲೀ. ಸಿರಿಂಜಿನಲ್ಲಿ ಅರ್ಧಕ್ಕಿಂತ ಕಡಿಮೆ ಪ್ರಮಾಣವನ್ನು ಅಳೆದಾಗ, ಸಿರಿಂಜಿನ ಪೂರ್ಣ ಅಳತೆಯ ಶೇಕಡಾ 1.5 ಮತ್ತು ಹೊರಬಂದ ದ್ರವದ ಶೇಕಡಾ 1, ಇವೆರಡನ್ನೂ ಕೂಡಿಸಿದಷ್ಟು ಹೆಚ್ಚುಕಡಿಮೆಯಾಗಬಹುದು. 0.7ಕ್ಕೆ ಲೆಕ್ಕ ಹಾಕಿದರೆ ಅದು 0.075 ಮತ್ತು 0.007 ಸೇರಿ 0.082 ಮಿ.ಲೀ. ಆಗುತ್ತದೆ. ಅಂದರೆ ನೀವು 0.7 ಎಂದು ಅಳೆದದ್ದು 0.62 ಇರಬಹುದು, 0.78 ಕೂಡ ಇರಬಹುದು, ಮತ್ತು ಎರಡೂ ಸಂದರ್ಭಗಳಲ್ಲಿ ಸಿರಿಂಜ್ ಮಾನದಂಡಕ್ಕೆ ಅನುಗುಣವಾಗಿಯೇ ಇರುತ್ತದೆ. ಅದೇ 1 ಮಿ.ಲೀ. ಸಿರಿಂಜಿನಲ್ಲಿ 0.7 ಎಂಬುದು ಅರ್ಧಕ್ಕಿಂತ ಹೆಚ್ಚಿನ ಪ್ರಮಾಣ. ಅಲ್ಲಿ ಒಪ್ಪಿತ ವ್ಯತ್ಯಾಸ ಶೇಕಡಾ 5, ಅಂದರೆ 0.035 ಮಾತ್ರ. ಕಣ್ಣಂದಾಜಿನ ದೋಷವನ್ನು ಇದಕ್ಕೆ ಇನ್ನೂ ಸೇರಿಸಿಲ್ಲ ಎಂಬುದನ್ನು ಗಮನಿಸಿ.

ಒಂದು ಎಚ್ಚರಿಕೆ: ಅಂಗಡಿಯಲ್ಲಿ 1 ಮಿ.ಲೀ. ಎಂದು ಕೇಳಿದಾಗ ಕೆಲವೊಮ್ಮೆ ಇನ್ಸುಲಿನ್ ಸಿರಿಂಜ್ ಕೊಟ್ಟುಬಿಡುತ್ತಾರೆ. ಅದರ ಮೇಲಿನ ಅಂಕಿಗಳು ಯೂನಿಟ್‌ಗಳು, ಮಿ.ಲೀ. ಅಲ್ಲ. ಮಗುವಿನ ಔಷಧಕ್ಕೆ ಅದು ಬೇಡ.

ಸುಮ್ಮನೆ ಕೇಳುವವ
ಎಲ್ಲರೂ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿದೆಯೇ? ಪ್ಯಾರಾಸಿಟಮಾಲ್ ಪ್ರಮಾಣವನ್ನು ವೈದ್ಯರು ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಎಂದು ಲೆಕ್ಕ ಹಾಕುತ್ತಾರೆ. ಏಳು ಕೆ.ಜಿ. ಮಗುವಿಗೆ 70 ಮಿ.ಗ್ರಾಂ. ಕೊಟ್ಟರೂ ಸರಿ, 105 ಕೊಟ್ಟರೂ ಸರಿ. ಲೆಕ್ಕವೇ ಇಷ್ಟು ಸಡಿಲವಾಗಿರುವಾಗ 0.08 ಮಿ.ಲೀ.ಗಾಗಿ ಮಾನದಂಡಗಳ ಸಂಖ್ಯೆ ಹುಡುಕುವುದು ಅತಿಯಾಯಿತು. ಅತ್ತೆಯವರ ಮಾತಿನಲ್ಲಿ ಸತ್ಯಾಂಶವಿದೆ.

ಔಷಧಿ ಅಂಗಡಿಯವ
ಈ ಒಂದು ಔಷಧದ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಹೃದಯದ ತೊಂದರೆಯಿರುವ ಮಗುವಿಗೆ ಡಿಗಾಕ್ಸಿನ್ ಕೊಡುವ ತಾಯಿಯೂ ಇದೇ ಚರ್ಚೆಯನ್ನು ಓದುತ್ತಿರಬಹುದು. ಆ ಔಷಧದಲ್ಲಿ ಪರಿಣಾಮ ಬೀರುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಅಳೆಯುವ ಕ್ರಮ ಒಂದೇ ಇರಲಿ, ಎಲ್ಲ ಔಷಧಗಳಿಗೂ ಅದನ್ನೇ ಪಾಲಿಸೋಣ ಎಂಬುದಷ್ಟೇ ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಡ್ರಾಪ್ಸ್ ಎಂದು ಬರುವ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. ಸಿರಪ್ ಎಂದು ಬರುವುದು 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ. ಇರುತ್ತದೆ. ಅಂದರೆ 120ರ ಸಿರಪ್ಪಿಗಿಂತ ಡ್ರಾಪ್ಸ್ ನಾಲ್ಕು ಪಟ್ಟಿಗೂ ಹೆಚ್ಚು ಗಟ್ಟಿ. ಹಳೆಯ ಸಿರಪ್ಪಿನ ರೂಢಿಯಲ್ಲಿ ಯಾರಾದರೂ 5 ಮಿ.ಲೀ. ಡ್ರಾಪ್ಸ್ ಕೊಟ್ಟರೆ ಒಂದೇ ಸಲಕ್ಕೆ 500 ಮಿ.ಗ್ರಾಂ. ಒಳಗೆ ಹೋಗುತ್ತದೆ. ಆದ್ದರಿಂದ ಸಿರಿಂಜ್ ಹಿಡಿಯುವ ಮುನ್ನ ಬಾಟಲಿಯ ಮೇಲಿನ ಅಂಕಿಯನ್ನು ಓದಬೇಕು.

ಸುಮ್ಮನೆ ಕೇಳುವವ
ಆ ನಾಲ್ಕು ಪಟ್ಟಿನ ವಿಷಯ ಗಂಭೀರವಾದದ್ದು, ಅದರಲ್ಲಿ ತಕರಾರಿಲ್ಲ. 0.08ರ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ.

ಲ್ಯಾಬ್ ಮೇಷ್ಟ್ರು
ರಬ್ಬರಿನ ಯಾವ ಭಾಗ ಗೆರೆಗೆ ತಾಗಬೇಕು ಎಂಬ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ನಾನು ಪ್ರಯತ್ನಿಸುತ್ತೇನೆ. ನಿಮ್ಮಲ್ಲಿರುವುದು ಕೊಳವೆ, ಪ್ಲಂಜರ್ ಮತ್ತು ರಬ್ಬರ್ ಬಿರಡೆ ಸೇರಿದ ಮೂರು ಭಾಗಗಳ ಸಿರಿಂಜ್. ಆ ಬಿರಡೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಕೊಳವೆಯ ಗೋಡೆಗೆ ಒತ್ತಿಕೊಂಡಿರುವ ಎರಡು ಉಂಗುರಗಳು ಕಾಣುತ್ತವೆ. ಅವುಗಳ ಮುಂದೆ ಮೂತಿಯ ಕಡೆಗೆ ಚೂಪಾದ ಅಥವಾ ಗುಮ್ಮಟದಂಥ ಒಂದು ಭಾಗವಿರುತ್ತದೆ. ಮೂತಿಗೆ ಹತ್ತಿರವಿರುವ ಮೊದಲ ಉಂಗುರವು ಗೋಡೆಯನ್ನು ಮುಟ್ಟುವ ಅಂಚನ್ನೇ ಓದಬೇಕು. ಚೂಪು ತುದಿಯನ್ನೂ ಓದಬಾರದು, ಹಿಂದಿನ ಉಂಗುರವನ್ನೂ ಓದಬಾರದು. ಪ್ಲಂಜರನ್ನು ಪೂರ್ತಿ ಒತ್ತಿದಾಗ ಸೊನ್ನೆಯ ಗೆರೆಗೆ ಬಂದು ನಿಲ್ಲುವುದು ಆ ಮುಂದಿನ ಉಂಗುರದ ಅಂಚೇ. ಅನುಮಾನವಿದ್ದರೆ ಖಾಲಿ ಸಿರಿಂಜನ್ನು ಒತ್ತಿ ನೋಡಿ ಖಚಿತಪಡಿಸಿಕೊಳ್ಳಬಹುದು.

ಓದುವಾಗ ಗೆರೆ ಕಣ್ಣಿನ ಮಟ್ಟದಲ್ಲಿರಲಿ. ಮೇಲಿನಿಂದಲೋ ಕೆಳಗಿನಿಂದಲೋ ಓರೆಯಾಗಿ ನೋಡಿದರೆ ಗೆರೆಯಿರುವ ಹೊರಮೈಗೂ ಉಂಗುರವಿರುವ ಒಳಮೈಗೂ ನಡುವಿನ ಪ್ಲಾಸ್ಟಿಕ್ಕಿನ ದಪ್ಪವೇ ಒಂದೆರಡು ಗೆರೆಗಳಷ್ಟು ಮೋಸ ಮಾಡುತ್ತದೆ. ಇನ್ನೊಂದು ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ: ಬೇಕಾದ ಗೆರೆಗಿಂತ ಸ್ವಲ್ಪ ಹೆಚ್ಚಿಗೆ ಎಳೆದುಕೊಂಡು, ಅನಂತರ ಹೊರಕ್ಕೆ ತಳ್ಳುತ್ತಾ ಗೆರೆಗೆ ಬಂದು ನಿಲ್ಲಿಸಿ. ಎಳೆಯುವಾಗ ರಬ್ಬರ್ ಒಂದು ಕಡೆಗೆ ಬಾಗಿರುತ್ತದೆ, ತಳ್ಳುವಾಗ ಇನ್ನೊಂದು ಕಡೆಗೆ ಬಾಗುತ್ತದೆ. ಕೊನೆಯ ಚಲನೆ ಯಾವಾಗಲೂ ತಳ್ಳುವ ದಿಕ್ಕಿನಲ್ಲೇ ಇದ್ದರೆ ಪ್ರತಿ ಸಲವೂ ಒಂದೇ ಅಳತೆ ಸಿಗುತ್ತದೆ.

ತುಮಕೂರಿನ ಅಪ್ಪ
ಮೇಷ್ಟ್ರೇ, ಬಹಳ ಉಪಕಾರವಾಯಿತು. ಅಂಗಡಿಯವರು ಹೇಳಿದಂತೆ 1 ಮಿ.ಲೀ. ಸಿರಿಂಜನ್ನೂ ತಂದಿದ್ದೇನೆ. ಆದರೆ ಮೊದಲ ಸಲ ಎಳೆದಾಗ ಒಳಗೆ ಒಂದು ಗುಳ್ಳೆ ಬಂದೇ ಬರುತ್ತದೆ. ಔಷಧ ಕೊಟ್ಟಾದ ಮೇಲೆ ಮೂತಿಯಲ್ಲಿ ಒಂದಿಷ್ಟು ಉಳಿಯುತ್ತದೆ. ವ್ಯರ್ಥವಾಗಬಾರದೆಂದು ನಮ್ಮ ಮನೆಯವರು ಅದಕ್ಕೆ ಒಂದು ಗುಟುಕು ನೀರು ಎಳೆದು ಅದನ್ನೂ ಕುಡಿಸುತ್ತಾರೆ. ಇದು ಸರಿಯೇ?

ಲ್ಯಾಬ್ ಮೇಷ್ಟ್ರು
ನೀರೆಳೆದು ಕುಡಿಸುವುದು ಬೇಡ. ಮೂತಿಯೊಳಗಿನ ಜಾಗ ಅಳತೆಗೆ ಮೊದಲೂ ತುಂಬಿತ್ತು, ಅಳತೆಯ ಅನಂತರವೂ ತುಂಬಿಯೇ ಇದೆ. ಗೆರೆಗಳು ಲೆಕ್ಕ ಹಾಕುವುದು ಪ್ಲಂಜರ್ ಸರಿದ ದೂರವನ್ನು ಮಾತ್ರ. ಆದ್ದರಿಂದ ಮೂತಿಯಲ್ಲಿ ಉಳಿದದ್ದು ಮಗುವಿನ ಪಾಲಿನದ್ದೇ ಅಲ್ಲ. ಮಾನದಂಡದ ಪ್ರಕಾರ 1 ಮಿ.ಲೀ. ಸಿರಿಂಜಿನಲ್ಲಿ ಆ ಜಾಗ 0.07 ಮಿ.ಲೀ. ಮೀರಬಾರದು. 0.7ರ ಮೇಲೆ ಅಷ್ಟನ್ನೂ ತೊಳೆದು ಕುಡಿಸಿದರೆ ಶೇಕಡಾ 10 ಹೆಚ್ಚಾಗಿ ಹೋದಂತಾಯಿತು.

ಗುಳ್ಳೆಗೂ ಕಾರಣ ಅದೇ ಜಾಗ. ಒಣಗಿದ ಸಿರಿಂಜಿನ ಮೂತಿಯಲ್ಲಿ ಗಾಳಿಯಿರುತ್ತದೆ. ಎಳೆದಾಗ ದ್ರವಕ್ಕಿಂತ ಮುಂಚೆ ಆ ಗಾಳಿ ಕೊಳವೆಯೊಳಗೆ ಬರುತ್ತದೆ. ಮೂತಿಯನ್ನು ಮೇಲೆ ಮಾಡಿ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿ, ಗುಳ್ಳೆ ಮೇಲೆ ಬಂದ ಅನಂತರ ಹೊರಗೆ ತಳ್ಳಿ, ಮತ್ತೆ ಎಳೆದುಕೊಳ್ಳಿ.

ಗಣಿತಪ್ರಿಯ
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಗುಳ್ಳೆಯಿದ್ದರೆ ಔಷಧ ಕಡಿಮೆಯಾಗುತ್ತದೆ ಎಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ. ಮೂತಿಯ ಜಾಗ 0.07 ಎಂದಿಟ್ಟುಕೊಳ್ಳಿ. ಒಣ ಸಿರಿಂಜಿನಲ್ಲಿ 0.7ರ ಗೆರೆಯವರೆಗೆ ಎಳೆದಾಗ ಕೊಳವೆಯಲ್ಲಿ 0.63 ದ್ರವ ಮತ್ತು 0.07 ಗಾಳಿ, ಮೂತಿಯಲ್ಲಿ 0.07 ದ್ರವ. ಒಟ್ಟು ದ್ರವ 0.7 ಮಿ.ಲೀ. ಆಯಿತು. ಈಗ ಮೂತಿಯನ್ನು ಕೆಳಗೆ ಮಾಡಿ ಒತ್ತಿದರೆ ಗಾಳಿ ಮೇಲೆ, ಅಂದರೆ ರಬ್ಬರಿನ ಪಕ್ಕದಲ್ಲೇ ಉಳಿದಿರುತ್ತದೆ. ದ್ರವವೆಲ್ಲ ಮೊದಲು ಹೊರಬಂದು, ಕಡೆಗೆ ಮೂತಿಯಲ್ಲಿ ಗಾಳಿ ನಿಲ್ಲುತ್ತದೆ. ಹೊರಬಂದದ್ದು ಪೂರ್ತಿ 0.7. ಅಳತೆ ಸರಿಯಾಗಿಯೇ ಇದೆ.

ಅದೇ ಸಿರಿಂಜಿನ ಮೂತಿಯನ್ನು ಮೇಲ್ಮುಖವಾಗಿಟ್ಟು ಒತ್ತಿದರೆ ಮೂತಿಯಲ್ಲಿದ್ದ 0.07 ದ್ರವದ ಬೆನ್ನಿಗೇ ಗಾಳಿ ಹೊರಟುಹೋಗಿ, ಕೊನೆಯ 0.07 ದ್ರವ ಮೂತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಬಂದದ್ದು 0.63 ಮಾತ್ರ.

ಲ್ಯಾಬ್ ಮೇಷ್ಟ್ರು
ಲೆಕ್ಕ ಸರಿಯಿದೆ, ಒಪ್ಪಿಕೊಂಡೆ. ಆದರೆ ಮಗುವಿನ ಬಾಯಿಗೆ ಸಿರಿಂಜನ್ನು ಅಡ್ಡಡ್ಡವಾಗಿ ಹಿಡಿಯುತ್ತೇವೆ, ಮಗು ತಲೆ ಅಲ್ಲಾಡಿಸುತ್ತದೆ. ಗಾಳಿ ಮೊದಲು ಹೋಗುತ್ತದೆಯೋ ಕೊನೆಗೆ ಹೋಗುತ್ತದೆಯೋ ಎಂದು ಹೇಳಲಾಗದು. ಅದಕ್ಕಾಗಿಯೇ ಗುಳ್ಳೆ ತೆಗೆಯಿರಿ ಎಂದದ್ದು.

ಗಣಿತಪ್ರಿಯ
ಆ ಕಾರಣಕ್ಕಾದರೆ ನನ್ನದೂ ಒಪ್ಪಿಗೆಯಿದೆ.

ಎನ್.ಐ.ಸಿ.ಯು. ಸಿಸ್ಟರ್
ಮೂತಿಯ ಜಾಗದ ವಿಷಯ ಬಂದದ್ದರಿಂದ ಹೇಳುತ್ತೇನೆ. ಬಾಯಿಗೆ ಹಾಕುವ ಔಷಧದಲ್ಲಿ ಅದು ದೊಡ್ಡ ಸಂಗತಿಯಲ್ಲ. ನವಜಾತ ಶಿಶುಗಳ ಘಟಕದಲ್ಲಿ ಮಾತ್ರ ಅದು ಬಹಳ ದೊಡ್ಡದು. ಒಂದು ಔಷಧವನ್ನು ಹತ್ತು ಪಟ್ಟು ತೆಳುಗೊಳಿಸಬೇಕೆಂದುಕೊಳ್ಳಿ. 1 ಮಿ.ಲೀ. ಸಿರಿಂಜಿನಲ್ಲಿ 0.1ರವರೆಗೆ ಔಷಧ ಎಳೆದು, ಅದೇ ಸಿರಿಂಜಿಗೆ 1ರ ಗೆರೆಯವರೆಗೆ ಸಲೈನ್ ಎಳೆದರೆ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಆದರೆ ಮೂತಿಯಲ್ಲಿ 0.07 ಔಷಧ ಮೊದಲೇ ಕೂತಿದೆ. ಸಲೈನ್ ಎಳೆದಾಗ ಅದೂ ಒಳಗೆ ಬರುತ್ತದೆ. ಈಗ ಒಟ್ಟು 1.07 ಮಿ.ಲೀ. ದ್ರವದಲ್ಲಿ 0.17 ಔಷಧವಿದೆ. ಮಗುವಿಗೆ 1 ಮಿ.ಲೀ. ಕೊಟ್ಟರೆ 0.1ರ ಬದಲು ಸುಮಾರು 0.16 ಹೋಗುತ್ತದೆ. ಶೇಕಡಾ 60ರ ಹತ್ತಿರದ ಹೆಚ್ಚಳ! ಒಂದು ಕೆ.ಜಿ. ತೂಕದ ಮಗುವಿಗೆ ಇದರ ಅರ್ಥವೇನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಾಗಿ ಔಷಧವನ್ನೂ ಸಲೈನನ್ನೂ ಬೇರೆ ಬೇರೆ ಸಿರಿಂಜುಗಳಲ್ಲಿ ಅಳೆದು, ಮೂರನೆಯ ಕಡೆ ಬೆರೆಸಬೇಕು.

ತುಮಕೂರಿನವರಿಗೆ ಇನ್ನೆರಡು ಮಾತು. ಇಂಜೆಕ್ಷನ್ ಸಿರಿಂಜಿನ ಮೂತಿಗೆ ಚಿಕ್ಕ ಮುಚ್ಚಳವಿದ್ದರೆ ಅದನ್ನು ತಕ್ಷಣ ಕಸಕ್ಕೆ ಹಾಕಿ. ಅದು ಕಳಚಿ ಮಗುವಿನ ಗಂಟಲಿಗೆ ಹೋಗುವ ಅಪಾಯವಿದೆ. ಔಷಧವನ್ನು ನೇರವಾಗಿ ಗಂಟಲಿಗೆ ಚಿಮ್ಮಿಸದೆ, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಿ. ಬಾಯಿಯ ಔಷಧಕ್ಕೆಂದೇ ತಯಾರಾದ, ಸೂಜಿ ಕೂರದ ಮೂತಿಯ ಸಿರಿಂಜುಗಳೂ ಸಿಗುತ್ತವೆ. ಸಿಕ್ಕರೆ ಅದನ್ನೇ ಕೊಳ್ಳಿ.

ಕಾಸರಗೋಡಿನ ಕನ್ನಡಿಗ
2021ರ ಲಸಿಕೆಯ ದಿನಗಳು ನೆನಪಾದವು. ಆ ವರ್ಷದ ಮೇ ತಿಂಗಳ ಹೊತ್ತಿಗೆ ನಮ್ಮ ಕೇರಳ ರಾಜ್ಯಕ್ಕೆ ಬಂದದ್ದು 73.38 ಲಕ್ಷ ಡೋಸ್, ಹಾಕಿದ್ದು 74.26 ಲಕ್ಷ. ಸೀಸೆಯಲ್ಲಿ ವ್ಯರ್ಥಕ್ಕೆಂದು ತುಸು ಹೆಚ್ಚಾಗಿ ತುಂಬಿಸಿರುತ್ತಾರೆ. ನರ್ಸುಗಳು ಪ್ರತಿ ಸಲವೂ 0.5 ಮಿ.ಲೀ.ಯನ್ನು ಕರಾರುವಾಕ್ಕಾಗಿ ಎಳೆದುಕೊಂಡದ್ದರಿಂದ ಆ ಹೆಚ್ಚುವರಿಯೇ ಇನ್ನೊಬ್ಬರಿಗೆ ಒಂದು ಡೋಸ್ ಆಯಿತು.

ಎನ್.ಐ.ಸಿ.ಯು. ಸಿಸ್ಟರ್
ಹೌದು. ವಿದೇಶಗಳಲ್ಲಿ ಫೈಜರ್ ಲಸಿಕೆಯ ಸೀಸೆಯಿಂದ ಐದರ ಬದಲು ಆರು ಡೋಸ್ ತೆಗೆಯಲು ಸಾಧ್ಯವಾದದ್ದೂ ಮೂತಿಯಲ್ಲಿ ಬಹಳ ಕಡಿಮೆ ಉಳಿಸುವ ಸಿರಿಂಜುಗಳಿಂದಲೇ.

ಹಳೆಯ ಕಾಲದವ
ನಮ್ಮ ಕಾಲದಲ್ಲಿ ಹನಿ ಎಣಿಸಿ ಹಾಕುತ್ತಿದ್ದೆವು. ಇಪ್ಪತ್ತು ಹನಿಗೆ ಒಂದು ಮಿ.ಲೀ. ಎಂದು ನಮ್ಮೂರಿನ ಕಾಂಪೌಂಡರ್ ಹೇಳಿಕೊಟ್ಟಿದ್ದರು. 0.7 ಎಂದರೆ ಹದಿನಾಲ್ಕು ಹನಿ. ಇದಕ್ಕೆ ಸಿರಿಂಜ್ ಯಾಕೆ?

ಗಣಿತಪ್ರಿಯ
ಹಿರಿಯರೇ, ಹನಿಯ ಗಾತ್ರ ಒಂದೇ ಆಗಿದ್ದರೆ ನಿಮ್ಮ ಲೆಕ್ಕ ನಿಲ್ಲುತ್ತಿತ್ತು. ಆಸ್ಪತ್ರೆಯ ಡ್ರಿಪ್ ಸೆಟ್ಟುಗಳನ್ನೇ ನೋಡಿ: ದೊಡ್ಡವರಿಗೆ ಹಾಕುವುದರಲ್ಲಿ 20 ಹನಿಗೆ ಒಂದು ಮಿ.ಲೀ., ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿ.ಲೀ. ನಮ್ಮ ಲಸಿಕಾ ಕಾರ್ಯಕ್ರಮದಲ್ಲಿ ಬಂದ ರೋಟಾವ್ಯಾಕ್ ಲಸಿಕೆಯಲ್ಲಿ ಐದು ಹನಿ ಸೇರಿ 0.5 ಮಿ.ಲೀ., ಅಂದರೆ ಹತ್ತು ಹನಿಗೇ ಒಂದು ಮಿ.ಲೀ. ಹನಿ ಬೀಳುವ ತೂತಿನ ಅಗಲ, ಹಿಡಿದ ಓರೆ, ದ್ರವದ ಮೇಲ್ಮೈ ಎಳೆತ, ಇಷ್ಟರ ಮೇಲೂ ಗಾತ್ರ ಅವಲಂಬಿಸಿದೆ. ಆಲ್ಕೋಹಾಲ್ ಬೆರೆತ ಔಷಧದ ಹನಿ ನೀರಿನ ಹನಿಗಿಂತ ಚಿಕ್ಕದು. ಆಯಾ ಸೀಸೆಯ ಜೊತೆ ಕೊಟ್ಟ ಡ್ರಾಪರಿನಲ್ಲಿ, ಅದೇ ಔಷಧಕ್ಕೆ, ನೆಟ್ಟಗೆ ಹಿಡಿದು ಎಣಿಸಿದರೆ ಮಾತ್ರ ಹನಿಯ ಲೆಕ್ಕಕ್ಕೆ ಬೆಲೆಯಿದೆ.

ಹಳೆಯ ಕಾಲದವ
ನಮ್ಮ ಕಾಂಪೌಂಡರ್ ಬದುಕಿದ್ದಿದ್ದರೆ ನಿಮ್ಮ ಜೊತೆ ವಾದಕ್ಕೆ ನಿಲ್ಲುತ್ತಿದ್ದರು. ಆದರೂ ಹತ್ತು, ಇಪ್ಪತ್ತು, ಅರವತ್ತು ಎಂಬ ನಿಮ್ಮ ಅಂಕಿಗಳಿಗೆ ನನ್ನಲ್ಲಿ ಉತ್ತರವಿಲ್ಲ.

ಅಮ್ಮನ ಇನ್ಸುಲಿನ್
ಮೇಲೆ ಅಂಗಡಿಯವರು ಇನ್ಸುಲಿನ್ ಸಿರಿಂಜಿನ ಬಗ್ಗೆ ಒಂದು ಸಾಲು ಬರೆದು ಬಿಟ್ಟರು. ಅದನ್ನು ಅಷ್ಟಕ್ಕೇ ಬಿಡಬಾರದು. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್ ಮತ್ತು ಕೆಲವು ಸೀಸೆಗಳು 100 ಯೂನಿಟ್‌ನವು. ಸಿರಿಂಜುಗಳಲ್ಲೂ ಎರಡು ಬಗೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ವೈದ್ಯರು 20 ಯೂನಿಟ್ ಎಂದಿದ್ದಾರೆ ಎನ್ನಿ. 40ರ ಇನ್ಸುಲಿನ್ನನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿ.ಲೀ., ಅಂದರೆ ಬರೀ 8 ಯೂನಿಟ್. ಅದು ಸಕ್ಕರೆ ಏರುವ ತೊಂದರೆ. ಇದಕ್ಕೆ ತಿರುಗುಮುರುಗಾಗಿ, 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ 0.5 ಮಿ.ಲೀ., ಅಂದರೆ 50 ಯೂನಿಟ್. ಇದು ಪ್ರಾಣಕ್ಕೇ ಸಂಚಕಾರ. ಗೆರೆಯನ್ನು ಎಷ್ಟೇ ನಿಖರವಾಗಿ ಓದಿದರೂ ಸಿರಿಂಜ್ ತಪ್ಪಿದ್ದರೆ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಸ್ಟಾಕ್ ಇಲ್ಲವೆಂದು ಬೇರೆ ಬಣ್ಣದ್ದನ್ನು ಕೊಡಲು ಬಂದರೆ ನಾನು ಖಂಡಿತ ತೆಗೆದುಕೊಳ್ಳುವುದಿಲ್ಲ.

ಸುಮ್ಮನೆ ಕೇಳುವವ
ಎರಡೂವರೆ ಪಟ್ಟು ವ್ಯತ್ಯಾಸ! ಇಂಥದಕ್ಕೆ ತಲೆ ಕೆಡಿಸಿಕೊಳ್ಳುವುದಾದರೆ ನಾನೂ ಕೆಡಿಸಿಕೊಳ್ಳುತ್ತೇನೆ.

ಗುಲಾಬಿ ತೋಟ
ಔಷಧ ಎಂದಾಗ ನಮಗೆ ಗಿಡದ ಔಷಧವೇ ನೆನಪಾಗುತ್ತದೆ, ಕ್ಷಮಿಸಿ. ಇಮಿಡಾಕ್ಲೋಪ್ರಿಡ್ 17.8 ಎಸ್.ಎಲ್. ಎಂಬ ಕೀಟನಾಶಕವನ್ನು ಲೀಟರಿಗೆ 0.3 ಮಿ.ಲೀ. ಹಾಕಿ ಎನ್ನುತ್ತಾರೆ. 15 ಲೀಟರಿನ ಕ್ಯಾನಿಗೆ 4.5 ಮಿ.ಲೀ. ಆಯಿತು. ನಮ್ಮ ಕಡೆ ಬಹುತೇಕ ಎಲ್ಲರೂ ಬಾಟಲಿಯ ಮುಚ್ಚಳದಲ್ಲೇ ಸುರಿಯುತ್ತಾರೆ. ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಅಳತೆ. ಇದಕ್ಕೆ 5 ಮಿ.ಲೀ. ಸಿರಿಂಜ್ ಹೇಳಿ ಮಾಡಿಸಿದಂತಿದೆ. ಆದರೆ ಮನೆಯಂಗಳದ ನಾಲ್ಕು ಗಿಡಗಳಿಗೆ ಒಂದೇ ಲೀಟರ್ ಬೇಕಾದಾಗ 0.3ನ್ನು ಅಳೆಯುವುದೇ ಕಷ್ಟ. ಆಗ 1 ಮಿ.ಲೀ. ಔಷಧಕ್ಕೆ 9 ಮಿ.ಲೀ. ನೀರು ಸೇರಿಸಿ ಚೆನ್ನಾಗಿ ಕಲಸಿ, ಅದರಲ್ಲಿ 3 ಮಿ.ಲೀ. ತೆಗೆದು ಲೀಟರಿಗೆ ಹಾಕುತ್ತೇನೆ. ಚಿಕ್ಕದನ್ನು ಅಳೆಯುವ ತೊಂದರೆ ಹತ್ತು ಪಟ್ಟು ಕಡಿಮೆಯಾಯಿತು. ಉಳಿದದ್ದನ್ನು ಇಟ್ಟುಕೊಳ್ಳುವುದಿಲ್ಲ, ಅದೇ ದಿನ ತೋಟದ ಕ್ಯಾನಿಗೆ ಸೇರಿಸಿಬಿಡುತ್ತೇನೆ.

ಒಂದು ಪ್ರಶ್ನೆಯಿದೆ. ಇ.ಸಿ. ಎಂದು ಬರೆದಿರುವ ಎಣ್ಣೆಯಂಥ ಔಷಧಗಳನ್ನು ಅಳೆದರೆ ಕೆಲವೇ ಸಲದಲ್ಲಿ ಪ್ಲಂಜರ್ ಬಿಗಿದುಕೊಂಡು ಅಲುಗಾಡುವುದೇ ಇಲ್ಲ. ಯಾಕೆ?

ಲ್ಯಾಬ್ ಮೇಷ್ಟ್ರು
ಆ ಔಷಧಗಳಲ್ಲಿರುವ ಕ್ಸೈಲೀನ್‌ನಂಥ ದ್ರಾವಕಗಳನ್ನು ಹೀರಿಕೊಂಡು ರಬ್ಬರ್ ಉಬ್ಬುತ್ತದೆ. ರಬ್ಬರ್ ಬಿರಡೆಯಿಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಎರಡು ಭಾಗಗಳ ಸಿರಿಂಜ್ ಸಿಕ್ಕರೆ ಅದನ್ನು ಬಳಸಿ. ಅಂಥ ದ್ರಾವಕಗಳಿಗೆ ಹೊರಗಿನ ಗೆರೆಗಳ ಮಸಿಯೂ ಅಳಿಸುತ್ತದೆ. ಗೆರೆಗಳ ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಸ್ವಲ್ಪ ಕಾಲ ಉಳಿಯುತ್ತದೆ.

ಎನ್.ಐ.ಸಿ.ಯು. ಸಿಸ್ಟರ್
ಗುಲಾಬಿ ತೋಟದವರೇ, ಆ ಸಿರಿಂಜಿನ ಪ್ಲಂಜರಿಗೆ ದಯವಿಟ್ಟು ಗಾಢವಾದ ಬಣ್ಣ ಬಳಿದು, ಔಷಧದ ಶೆಡ್ಡಿನಲ್ಲೇ ಬೀಗ ಹಾಕಿಡಿ. ಎಷ್ಟೇ ತೊಳೆದಿದ್ದರೂ ಅದು ಮನೆಯೊಳಗೆ ಬರಬಾರದು. ಅಳೆಯುವಾಗ ಕೈಗವಸು ಇರಲಿ.

ಗುಲಾಬಿ ತೋಟ
ಶೆಡ್ಡಿನಲ್ಲೇ ಇದೆ ಸಿಸ್ಟರ್. ಬಣ್ಣದ ವಿಚಾರ ಹೊಳೆದಿರಲಿಲ್ಲ, ಬಳಿಯುತ್ತೇನೆ.

ಕುರಿ ಸಾಕಣೆ
ನಮಗೂ ಇದೇ ಪಾಡು. ಐವರ್‌ಮೆಕ್ಟಿನ್ ಇಂಜೆಕ್ಷನ್ ಶೇಕಡಾ 1ರದ್ದು 50 ಕೆ.ಜಿ.ಗೆ 1 ಮಿ.ಲೀ. ಲೆಕ್ಕ. 8 ಕೆ.ಜಿ. ಮರಿಗೆ 0.16 ಬರುತ್ತದೆ. ಪಶುವೈದ್ಯರು 1 ಮಿ.ಲೀ. ಸಿರಿಂಜಿಲ್ಲದೆ ಮರಿಗಳನ್ನು ಮುಟ್ಟಬೇಡಿ ಎಂದಿದ್ದಾರೆ. ಇಡೀ ಹಿಂಡಿಗೆ ಒಂದೇ 10 ಮಿ.ಲೀ. ಸಿರಿಂಜಿನಲ್ಲಿ ಚುಚ್ಚುತ್ತಾ ಹೋಗುವವರನ್ನೂ ನೋಡಿದ್ದೇನೆ. ಅದರ ಎರಡು ಗೆರೆಗಳ ನಡುವಿನ ಜಾಗವೇ ಒಂದು ಮರಿಯ ಡೋಸಿಗಿಂತ ದೊಡ್ಡದು.

ಕಿರಾಣಿ ತಕ್ಕಡಿ
ಇಷ್ಟೆಲ್ಲ ವಾದ ಮಾಡುವ ಬದಲು ತೂಗಿ ನೋಡಬಾರದೇ? 25 ಡಿಗ್ರಿಯಲ್ಲಿ ಒಂದು ಮಿ.ಲೀ. ನೀರು 0.997 ಗ್ರಾಂ, ಅಂದರೆ ಒಂದು ಗ್ರಾಂ ಎಂದೇ ಹಿಡಿಯಿರಿ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲವಾದ್ದರಿಂದ, 0.7ರಂತೆ ಐವತ್ತು ಸಲ ಲೋಟಕ್ಕೆ ಬಿಟ್ಟು ಒಮ್ಮೆಲೇ ತೂಗಿ. 35 ಗ್ರಾಂ ಬರಬೇಕು. ಅರ್ಧ ಗ್ರಾಂ ಆಚೀಚೆಯಾದರೂ ಅದು ಶೇಕಡಾ ಒಂದೂವರೆಯೊಳಗೇ ಇರುತ್ತದೆ. ತಾಳ್ಮೆಯಿಲ್ಲದವರು ಪರಿಚಯದ ಚಿನ್ನದ ಅಂಗಡಿಗೆ ಹೋದರೆ ಅಲ್ಲಿನ ತಕ್ಕಡಿ ಮಿಲಿಗ್ರಾಂ ತನಕ ತೋರಿಸುತ್ತದೆ. ಆದರೆ ಲೋಟವನ್ನು ತಕ್ಕಡಿಯ ಮೇಲಿಟ್ಟುಕೊಂಡು ಹನಿಹನಿಯಾಗಿ ಬಿಡಬೇಡಿ. ಕೆಲವು ಎಲೆಕ್ಟ್ರಾನಿಕ್ ತಕ್ಕಡಿಗಳು ನಿಧಾನವಾಗಿ ಏರುವ ತೂಕವನ್ನು ತಮ್ಮದೇ ಸೊನ್ನೆಯ ಏರುಪೇರೆಂದು ಭಾವಿಸಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೋಟವನ್ನು ಕೆಳಗಿಟ್ಟು ತುಂಬಿಸಿ, ಆಮೇಲೆ ತೂಗಬೇಕು.

ಗಣಿತಪ್ರಿಯ
ಈ ಪರೀಕ್ಷೆ ನೀರಿಗೆ ಮಾತ್ರ. ಸಕ್ಕರೆ ಪಾಕದ ಸಿರಪ್ ನೀರಿಗಿಂತ ಭಾರ. ಅದನ್ನು ತೂಗಿ ಗ್ರಾಂ ಅನ್ನೇ ಮಿ.ಲೀ. ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ತುಮಕೂರಿನ ಅಪ್ಪ
ನಮ್ಮ ಭಾವಮೈದುನನ ಚಿನ್ನದ ಅಂಗಡಿಯಲ್ಲಿ ತೂಗಿ ನೋಡಿದೆ. 1 ಮಿ.ಲೀ. ಸಿರಿಂಜಿನಲ್ಲಿ 0.7ರ ಗೆರೆಗೆ ಅಳೆದ ನೀರು ಪ್ರತಿ ಸಲವೂ 0.69 ಮತ್ತು 0.71ರ ನಡುವೆಯೇ ಬಂದಿತು. 5 ಮಿ.ಲೀ. ಸಿರಿಂಜಿನಲ್ಲಿ ಒಂದೊಂದು ಸಲಕ್ಕೆ ಒಂದೊಂದು ತೂಕ, ಹೆಚ್ಚಾಗಿ 0.7ಕ್ಕಿಂತ ಮೇಲೆಯೇ. ಡ್ರಾಪರಿನದು ಎಲ್ಲಕ್ಕಿಂತ ಕಡಿಮೆ. ನನ್ನ ಅಂದಾಜಿನ 0.7 ಅಲ್ಲಿ 0.6ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಒಳಗೋಡೆಗೆ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಒಳಲೆಯನ್ನು ತೂಗಲು ಅತ್ತೆಯವರು ಕೊಡಲಿಲ್ಲ.

ಲ್ಯಾಬ್ ಮೇಷ್ಟ್ರು
ಅಂಟಿಕೊಳ್ಳುವ ವಿಷಯದಲ್ಲಿ ಸಿರಿಂಜಿನ ದೊಡ್ಡ ಅನುಕೂಲವೇ ಅದು. ರಬ್ಬರಿನ ಉಂಗುರ ಗೋಡೆಯನ್ನು ಸವರಿಕೊಂಡೇ ಬರುವುದರಿಂದ ಗಟ್ಟಿ ಸಿರಪ್ ಕೂಡ ಹಿಂದೆ ಉಳಿಯುವುದಿಲ್ಲ. ಚಮಚ, ಒಳಲೆ, ಡ್ರಾಪರ್ ಯಾವುದಕ್ಕೂ ಆ ಗುಣವಿಲ್ಲ. ಗಟ್ಟಿ ದ್ರವವನ್ನು ನಿಧಾನವಾಗಿ ಎಳೆಯಬೇಕು ಅಷ್ಟೇ. ಅವಸರ ಮಾಡಿದರೆ ಗಾಳಿ ಸೇರಿಕೊಳ್ಳುತ್ತದೆ.

ಔಷಧಿ ಅಂಗಡಿಯವ
ಔಷಧ ತಳದಲ್ಲಿ ಕೂರುವ ಬಗೆಯದ್ದಾಗಿದ್ದರೆ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸದೆ ಎಳೆಯಬೇಡಿ. ಅಲ್ಲಾಡಿಸದ ಬಾಟಲಿಯ ಮೇಲಿನ ತಿಳಿಯನ್ನು ಎಷ್ಟು ನಿಖರವಾಗಿ ಅಳೆದರೂ ಅದರಲ್ಲಿ ಔಷಧವೇ ಕಡಿಮೆಯಿರುತ್ತದೆ. ಪುಡಿಗೆ ನೀರು ಬೆರೆಸುವ ಆಂಟಿಬಯೋಟಿಕ್‌ಗಳಲ್ಲಂತೂ ನೀರು ಹಾಕಿ, ಅಲ್ಲಾಡಿಸಿ, ನೊರೆ ಇಳಿದ ಮೇಲೆ ಮತ್ತೆ ಗೆರೆಯವರೆಗೆ ನೀರು ತುಂಬಿಸಿ, ಇನ್ನೊಮ್ಮೆ ಅಲ್ಲಾಡಿಸಬೇಕು.

ತುಮಕೂರಿನ ಅಪ್ಪ
ಕೊನೆಯದಾಗಿ ಒಂದು ಸಂದೇಹ. ಮಗುವಿನ ತೂಕ ಏರಿದಂತೆ ವೈದ್ಯರು 1.2 ಮಿ.ಲೀ. ಎಂದು ಬರೆದರೆ, 1 ಮಿ.ಲೀ. ಸಿರಿಂಜಿನಲ್ಲೇ 0.6ರಂತೆ ಎರಡು ಸಲ ಕೊಡುವುದೋ, 2 ಮಿ.ಲೀ. ಸಿರಿಂಜ್ ಕೊಳ್ಳುವುದೋ?

ಔಷಧಿ ಅಂಗಡಿಯವ
2 ಮಿ.ಲೀ. ಸಿರಿಂಜಿನಲ್ಲಿ 0.1ಕ್ಕೊಂದು ಗೆರೆಯಿರುವುದರಿಂದ 1.2ಕ್ಕೆ ನೇರವಾದ ಗೆರೆ ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚಿನ ಪ್ರಮಾಣವಾದ್ದರಿಂದ ಒಪ್ಪಿತ ವ್ಯತ್ಯಾಸ ಅಲ್ಲೂ ಶೇಕಡಾ 5 ಮಾತ್ರ. ಅಳುವ ಮಗುವಿಗೆ ಎರಡು ಸಲ ಬಾಯಿ ತೆರೆಸುವುದಕ್ಕಿಂತ ಒಂದು ಸಲ ತೆರೆಸುವುದೇ ಮೇಲು. 2 ಮಿ.ಲೀ.ಯದ್ದನ್ನೇ ತೆಗೆದುಕೊಳ್ಳಿ.